ಕಾಳುಮೆಣಸಿನ ವೈರಸ್ ಕವಚ ಪ್ರೋಟೀನ್: ಕೋಶವಿಲ್ಲದೆ ತಯಾರಿಸಲು ಎಂಆರ್‌ಎನ್‌ಎ ಹೇಗೆ ಬರೆಯಬೇಕು?

ಶಿರಸಿ_ಮೆಣಸಿನಬಳ್ಳಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದ ಮೆಣಸಿನ ಬಳ್ಳಿಯಲ್ಲಿ ಎಲೆ ಮುರುಟಿ, ಗೆಣ್ಣು ಗಿಡ್ಡವಾಗಿ, ಬಳ್ಳಿ ಮೇಲೇಳದೇ ನಿಲ್ಲುವ ರೋಗಕ್ಕೆ ಕಾರಣವಾದ ವೈರಸ್‌ಗಳಲ್ಲಿ ಸೌತೆ ಮೊಸಾಯಿಕ್ ವೈರಸ್ ಒಂದು. ಮಳೆ ಹಿಡಿಯುವ ಮೊದಲು ನರ್ಸರಿಯ ತಾಯಿಬಳ್ಳಿಗಳನ್ನು ಎಲೈಸಾದಲ್ಲಿ (ಆಂಟಿಬಾಡಿಯಿಂದ ವೈರಸ್ ಪತ್ತೆಹಚ್ಚುವ ಪರೀಕ್ಷೆ) ನೋಡಿಕೊಂಡರೆ ರೋಗದ ತುಂಡು ನೂರಾರು ತೋಟಕ್ಕೆ ಹೋಗುವುದು ತಪ್ಪುತ್ತದೆ. ಆ ಪರೀಕ್ಷೆಯ ಆಂಟಿಸೀರಂ (ಆಂಟಿಬಾಡಿ ಇರುವ ರಕ್ತದ್ರವ) ತಯಾರಿಸಲು ವೈರಸ್‌ನ ಕವಚ ಪ್ರೋಟೀನ್ ಬೇಕು. 218 ಅಮಿನೋ ಆಮ್ಲ, ಸುಮಾರು 24 ಕಿಲೋಡಾಲ್ಟನ್. ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುವ ಬದಲು ಇ. ಕೋಲೈ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ (ಆ ಬ್ಯಾಕ್ಟೀರಿಯಾ ಒಡೆದು ತೆಗೆದ ರಸ) ಕೋಶವಿಲ್ಲದೆ ಮಾಡುವ ಪ್ರಯತ್ನ ಇದು.

ಈಗಿನ ವಿನ್ಯಾಸ ಹೀಗಿದೆ. ಟಿ7 ಪ್ರೊಮೋಟರ್ (ಆರ್‌ಎನ್‌ಎ ಬರೆಯಲು ಶುರುಮಾಡುವ ಗುರುತು), ಆಮೇಲೆ ಚಿಕ್ಕ 5-ಪ್ರೈಮ್ (ಶುರುವಿನ ತುದಿಯ) ಭಾಗ, ಎಯುಜಿಯ (ಪ್ರೋಟೀನ್ ಶುರುವಾಗುವ ಕೋಡಾನ್) ಹಿಂದೆ ಜಿಸಿಸಿಎಸಿಸಿ, ಸಸ್ಯಕ್ಕೆ ಹೊಂದುವಂತೆ ಕೋಡಾನ್ (ಒಂದು ಅಮಿನೋ ಆಮ್ಲಕ್ಕೆ ಮೂರು ಅಕ್ಷರದ ಗುರುತು) ಬದಲಿಸಿದ ಜೀನ್, ಕೊನೆಗೆ 60 ಎಗಳ ಬಾಲ. ಆರ್‌ಎನ್‌ಎ ಬೇರೆಯಾಗಿ ತಯಾರಿಸಿ, ಕ್ಯಾಪ್ (5-ಪ್ರೈಮ್ ತುದಿಯ ಟೊಪ್ಪಿಗೆ) ಹಾಕಿ, ಯೂರಿಡಿನ್ (ಯು ಅಕ್ಷರ) ಬದಲು ಎನ್1-ಮೀಥೈಲ್ ಸ್ಯೂಡೋಯೂರಿಡಿನ್ ಬಳಸಿದ್ದು. ಲಿಥಿಯಂ ಕ್ಲೋರೈಡ್‌ನಲ್ಲಿ ಇಳಿಸಿದ ಮೇಲೆ 260/280 ಅನುಪಾತ (ಶುದ್ಧತೆಯ ಅಳತೆ) 2.05. 25 ಮೈಕ್ರೋಲೀಟರ್ ರಿಯಾಕ್ಷನ್‌ಗೆ 2 ಮೈಕ್ರೋಗ್ರಾಂ, 37 ಡಿಗ್ರಿ, 4 ಗಂಟೆ. ಜೊತೆಗಿಟ್ಟ ಹಸಿರು ಪ್ರೋಟೀನ್‌ನ ಕಂಟ್ರೋಲ್ ಪ್ಲಾಸ್ಮಿಡ್ (ಬಳೆಯಾಕಾರದ ಡಿಎನ್‌ಎ) ಚೆನ್ನಾಗಿ ಹೊಳೆಯುತ್ತದೆ. ಕವಚ ಪ್ರೋಟೀನ್ ಮಾತ್ರ ಇಲ್ಲವೇ ಇಲ್ಲ. ಎಂಆರ್‌ಎನ್‌ಎ ಇನ್ನೂ ಜಾಸ್ತಿ ಹಾಕಬೇಕೇ? ಮೆಗ್ನೀಸಿಯಂ ಬದಲಿಸಬೇಕೇ?

ಕಾಳಿ_ಸೇತುವೆ (ಕಾರವಾರ)

ಜಾಸ್ತಿ ಹಾಕಿ ಏನೂ ಆಗುವುದಿಲ್ಲ ಮಾರಾಯ್ರೆ. ಈ ಎಂಆರ್‌ಎನ್‌ಎ ಬರೆದದ್ದು ಮನುಷ್ಯನ ಜೀವಕೋಶಕ್ಕೆ, ಓದಬೇಕಾದದ್ದು ಬ್ಯಾಕ್ಟೀರಿಯಾದ ರೈಬೋಸೋಮ್ (ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ಯಂತ್ರ). ಕ್ಯಾಪ್, ಪಾಲಿ-ಎ ಬಾಲ, ಬದಲಿ ಯೂರಿಡಿನ್ ಮೂರೂ ಲಸಿಕೆ ಎಂಆರ್‌ಎನ್‌ಎಯ ಸಾಮಾನು. ಬದಲಿ ಯೂರಿಡಿನ್ ಬಳಸುವುದು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಬಾರದೆಂದು. 2023ರ ನೊಬೆಲ್ ಬಂದದ್ದೂ ಅದೇ ಕೆಲಸಕ್ಕೆ. ಟ್ಯೂಬಿನಲ್ಲಿ ಕೆರಳಲು ಯಾರೂ ಇಲ್ಲ, ಆ ದುಡ್ಡು ಉಳಿಸಿ. ಪಾಲಿ-ಎ ಬಾಲ ಇಲ್ಲಿ ಉಪಕಾರದ ಬದಲು ಅಪಕಾರ ಮಾಡುತ್ತದೆ. ಬ್ಯಾಕ್ಟೀರಿಯಾದಲ್ಲಿ ಆ ಬಾಲ ಎಂದರೆ 3-ಪ್ರೈಮ್ (ಕೊನೆಯ) ತುದಿಯಿಂದ ಕಡಿಯುವ ಕಿಣ್ವಗಳಿಗೆ ಹಿಡಿಕೆ ಕೊಟ್ಟ ಹಾಗೆ.

ಮುಖ್ಯ ತಪ್ಪು ಎಯುಜಿಯ ಹಿಂದಿದೆ. ಜಿಸಿಸಿಎಸಿಸಿ ಪ್ರಾಣಿಕೋಶದ ರೈಬೋಸೋಮ್‌ಗೆ ಗುರುತು. ಇ. ಕೋಲೈ ರೈಬೋಸೋಮ್ ತನ್ನ 16ಎಸ್ ಆರ್‌ಎನ್‌ಎಯ ಬಾಲದಿಂದ ಶೈನ್-ಡಾಲ್ಗಾರ್ನೊ ಗುರುತನ್ನು ಹುಡುಕುತ್ತದೆ. ಆ ಬಾಲದಲ್ಲಿ ಎ-ಸಿ-ಸಿ-ಯು-ಸಿ-ಸಿ-ಯು-ಯು-ಎ ಇದೆ, ಅದಕ್ಕೆ ಜೋಡಿಯಾಗುವ ಎ-ಎ-ಜಿ-ಜಿ-ಎ-ಜಿ ನಿಮ್ಮಲ್ಲಿ ಎಲ್ಲೂ ಇಲ್ಲ. ಕೂರಲು ಜಾಗವೇ ಇಲ್ಲದ ಮೇಲೆ ಓದುವುದೆಲ್ಲಿ?

ಟಿ7 ಫಾಜ್‌ನ (ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್) 10ನೇ ಜೀನಿನ ಮುಂಭಾಗವನ್ನು ಇಡಿಯಾಗಿ ತೆಗೆದುಕೊಳ್ಳಿ, ಕತ್ತರಿಸಬೇಡಿ. ಲ್ಯಾಕ್ ಆಪರೇಟರ್ (ಆರ್‌ಎನ್‌ಎ ಬರೆಯುವುದನ್ನು ತಡೆಯುವ ಲ್ಯಾಕ್ ರಿಪ್ರೆಸರ್ ಕೂರುವ ಜಾಗ) ಇಲ್ಲದ ಹಳೆಯ ಟಿ7 ವೆಕ್ಟರ್‌ಗಳಲ್ಲಿ (ಜೀನ್ ಹೊರುವ ಪ್ಲಾಸ್ಮಿಡ್) ಅದು ಸಿಗುತ್ತದೆ. ಅದರ ಮೊದಲ 21 ಅಕ್ಷರಗಳನ್ನು ಕಾಗದದ ಮೇಲೆ ಬರೆದು ನೋಡಿ: ಜಿ-ಜಿ-ಜಿ-ಎ-ಜಿ-ಎ-ಸಿ-ಸಿ, ನಡುವೆ ಎ-ಸಿ-ಎ-ಎ-ಸಿ, ಆಮೇಲೆ ಜಿ-ಜಿ-ಯು-ಯು-ಯು-ಸಿ-ಸಿ-ಸಿ. ಮೊದಲ ಎಂಟು ಕೊನೆಯ ಎಂಟರ ಮೇಲೆ ಮಡಚಿ ಕೂರುತ್ತವೆ, ನಡುವಿನ ಐದು ಕುಣಿಕೆಯಾಗುತ್ತದೆ. ಈ ಹೇರ್‌ಪಿನ್ 5-ಪ್ರೈಮ್ ತುದಿಯನ್ನು ಮುಚ್ಚಿಡುವುದರಿಂದ ಆರ್‌ಎನ್‌ಏಸ್-ಇ (ಆರ್‌ಎನ್‌ಎ ಕಡಿಯುವ ಕಿಣ್ವ) ಅಲ್ಲಿಂದ ಹಿಡಿದು ಕಡಿಯುವುದು ಕಷ್ಟ. ಶುರುವಿನ ಮೂರು ಜಿ ಟಿ7 ಪಾಲಿಮರೇಸ್‌ಗೂ (ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಕಿಣ್ವ) ಬೇಕು. ಅವನ್ನು ಬದಲಿಸಿದರೆ ಆರ್‌ಎನ್‌ಎಯೇ ಕಡಿಮೆ ಬರುತ್ತದೆ. ಆಮೇಲಿನದು ಎ, ಯು ತುಂಬಿದ ಸಡಿಲ ಜಾಗ, ಕೊನೆಗೆ ಎಎಜಿಜಿಎಜಿ, ಎಂಟು ಅಕ್ಷರ ಬಿಟ್ಟು ಎಯುಜಿ. ಆ ಎಂಟು: ಎ-ಯು-ಎ-ಯು-ಎ-ಸಿ-ಎ-ಯು. ಈ ಅಂತರ 5ರಿಂದ 9ರೊಳಗೆ ಇರಬೇಕು. ಕ್ಲೋನಿಂಗ್ ಸುಲಭವಾಗಲೆಂದು ನಡುವೆ ಒಂದು ಕಿಣ್ವದ ಕಡಿತ ಜಾಗ ತುರುಕಿ ಅಂತರ 14 ಮಾಡಿಕೊಂಡರೆ ಇಳುವರಿ ಕುಸಿಯುತ್ತದೆ.

ಲ್ಯಾಕ್ ಆಪರೇಟರ್ ಇರುವ ವೆಕ್ಟರ್‌ನಲ್ಲೇ ಮಾಡುವುದಾದರೆ ಒಂದು ಎಚ್ಚರಿಕೆ. ಎಕ್ಸ್‌ಟ್ರ್ಯಾಕ್ಟ್ ಮಾಡಿದ ತಳಿಯಲ್ಲಿ ಲ್ಯಾಕ್ ರಿಪ್ರೆಸರ್ ಇದ್ದರೆ ಅದು ನಿಮ್ಮ ಟ್ಯೂಬಿನಲ್ಲೂ ಬಂದು ಕೂರುತ್ತದೆ. ಸ್ವಲ್ಪ ಐಪಿಟಿಜಿ (ಆ ರಿಪ್ರೆಸರನ್ನು ಬಿಡಿಸುವ ರಾಸಾಯನಿಕ) ಹಾಕಿಕೊಳ್ಳಿ.

ಇನ್ನು ಜೀನಿನ ಮೊದಲ 40 ಅಕ್ಷರ. 2009ರಲ್ಲಿ ಒಂದೇ ಹಸಿರು ಪ್ರೋಟೀನ್‌ಗೆ 154 ಬಗೆಯ ಕೋಡಾನ್ ಜೋಡಣೆ ಮಾಡಿ ಇ. ಕೋಲೈಯಲ್ಲಿ ಅಳೆದ ಅಧ್ಯಯನ ಒಂದು ಬಂತು. ಹೆಚ್ಚುಕಮ್ಮಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ವಿವರಿಸಿದ್ದು ಎಯುಜಿಯ ನಾಲ್ಕು ಅಕ್ಷರ ಹಿಂದಿನಿಂದ 37 ಅಕ್ಷರ ಮುಂದಿನವರೆಗಿನ ಮಡಿಕೆಯ ಬಿಗಿ. ಇಡೀ ಜೀನಿನ ಕೋಡಾನ್ ಎಷ್ಟು 'ಒಳ್ಳೆಯದು' ಎನ್ನುವುದಕ್ಕೂ ಇಳುವರಿಗೂ ಅಲ್ಲಿ ಸಂಬಂಧ ಕಾಣಲಿಲ್ಲ. ಜೀನ್ ಮಾರುವವರ ಆಪ್ಟಿಮೈಸೇಶನ್ ಅಂಕ ನೂರಕ್ಕೆ 98 ಎಂದಿದ್ದರೂ ಶುರುವಿನಲ್ಲಿ ಜಿ, ಸಿ ತುಂಬಿ ಗಂಟಾಗಿದ್ದರೆ ಆ ಅಂಕದಿಂದ ಪ್ರಯೋಜನವಿಲ್ಲ.

ಆರ್‌ಎನ್‌ಎಫೋಲ್ಡ್‌ನಲ್ಲಿ (ಮಡಿಕೆಯ ಲೆಕ್ಕ ಹಾಕುವ ತಂತ್ರಾಂಶ) ಆ ತುಂಡನ್ನು ಹಾಕಿ ನೋಡಿ. ಅದರ ಡೀಫಾಲ್ಟ್ ಉಷ್ಣತೆ 37 ಡಿಗ್ರಿ. ನೀವು 30ರಲ್ಲಿ ರಿಯಾಕ್ಷನ್ ಮಾಡುವುದಾದರೆ ಅಲ್ಲೂ 30 ಎಂದೇ ಕೊಡಿ, ತಂಪಿನಲ್ಲಿ ಮಡಿಕೆ ಇನ್ನೂ ಬಿಗಿ. ಒಂದೇ ಸಂಖ್ಯೆಯನ್ನು ಹಿಡಿದು ಪಾಸು-ಫೇಲು ಮಾಡಬೇಡಿ. ಐದಾರು ಬಗೆ ಬರೆದು, ಮಡಿಕೆಯ ಶಕ್ತಿ ಸೊನ್ನೆಗೆ ಹತ್ತಿರ ಇರುವುದನ್ನು ಆರಿಸಿ. ಮುಂಭಾಗವನ್ನೂ ಸೇರಿಸಿ ಇನ್ನೊಮ್ಮೆ ಮಡಚಿ ನೋಡಿ, ಎಎಜಿಜಿಎಜಿ ಎಲ್ಲಾದರೂ ಜೋಡಿಯಾಗಿ ಮುಚ್ಚಿಹೋಗಿದೆಯೇ ಎಂದು. ಸೆರಿನ್-ಪ್ರೋಲಿನ್ ಒಟ್ಟಿಗೆ ಬಂದಲ್ಲಿ ಯುಸಿಯು-ಸಿಸಿಯು ಹಾಕಿದರೆ ಅದು ಸರಿಯಾಗಿ ಶೈನ್-ಡಾಲ್ಗಾರ್ನೊದ ಮೇಲೆಯೇ ಹೋಗಿ ಅಂಟುತ್ತದೆ. ಅಂಥಲ್ಲಿ ಸೆರಿನ್‌ಗೆ ಎಜಿಸಿ ಹಾಕಿ.

ಅಘನಾಶಿನಿ_ದಂಡೆ (ಕುಮಟಾ)

ಮೇಲಿನವರು ಹೇಳಿದ್ದು ಸರಿ. ನಿಮ್ಮ ಪ್ರೋಟೀನಿನಲ್ಲೇ ಇನ್ನೊಂದು ಗಂಟಿದೆ. ಈ ವೈರಸ್‌ನ ಕವಚ ಪ್ರೋಟೀನ್ 11ನೇ ಅಮಿನೋ ಆಮ್ಲದಿಂದ 22ರವರೆಗೆ ಹನ್ನೆರಡರಲ್ಲಿ ಎಂಟು ಆರ್ಜಿನಿನ್. ನಿಮ್ಮ ತಳಿಯ ಸೀಕ್ವೆನ್ಸ್ ತೆಗೆದು ಒಮ್ಮೆ ಎಣಿಸಿ. ಸಸ್ಯಕ್ಕೆಂದು ಬದಲಿಸಿದ ಜೀನಿನಲ್ಲಿ ಆ ಜಾಗಕ್ಕೆ ಎಜಿಜಿ, ಎಜಿಎ ಬಂದಿರುವ ಸಾಧ್ಯತೆ ಹೆಚ್ಚು. ಇ. ಕೋಲೈಯಲ್ಲಿ ಈ ಎರಡನ್ನು ಓದುವ ಟಿಆರ್‌ಎನ್‌ಎ (ಅಮಿನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ತೀರಾ ಕಡಿಮೆ. ಎಜಿಜಿ-ಎಜಿಜಿ ಅಕ್ಕಪಕ್ಕ ಬಂದರೆ ರೈಬೋಸೋಮ್ ನಿಲ್ಲುವುದಷ್ಟೇ ಅಲ್ಲ, ಒಂದಕ್ಷರ ಮುಂದೆ ಜಾರಿ ಬೇರೆ ಚೌಕಟ್ಟಿನಲ್ಲಿ ಓದಲು ಶುರುಮಾಡುತ್ತದೆ. 1988ರಷ್ಟು ಹಿಂದೆಯೇ ಇದನ್ನು ತೋರಿಸಿದ್ದಾರೆ, ಅರ್ಧದಷ್ಟು ರೈಬೋಸೋಮ್ ಹೀಗೆ ಜಾರಬಹುದು. ಅದೂ ಸಾಲದೆಂಬಂತೆ ಎ-ಜಿ-ಜಿ-ಎ-ಜಿ-ಜಿ ಎಂಬುದೇ ಒಂದು ಗಟ್ಟಿ ಶೈನ್-ಡಾಲ್ಗಾರ್ನೊ; ಜೀನಿನ ನಡುವೆ ಬೇಡದ ಬಸ್ ಸ್ಟಾಪ್ ಕಟ್ಟಿದಂತೆ.

ಎಲ್ಲವನ್ನೂ ಸಿಜಿಯು ಅಥವಾ ಸಿಜಿಸಿ ಮಾಡಿ. ಎರಡನ್ನೂ ಓದುವುದು ಒಂದೇ ಟಿಆರ್‌ಎನ್‌ಎ, ಮತ್ತು ಅದು ಧಾರಾಳ ಇದೆ. ಬರೀ ಸಿಜಿಸಿ ಹಾಕಿದರೆ ಜಿ-ಸಿ ತುಂಬಿ ಗಂಟು ಕಟ್ಟುವುದರಿಂದ ಹೆಚ್ಚಿನ ಕಡೆ ಸಿಜಿಯು ಇಟ್ಟು ನಡುವೆ ಒಂದೆರಡು ಸಿಜಿಸಿ ಹಾಕಿ. ಸಿಜಿಜಿ, ಸಿಜಿಎ ಬೇಡ.

ಅದಕ್ಕಿಂತ ಒಳ್ಳೆಯ ದಾರಿ ಆ ತುಂಡನ್ನೇ ತೆಗೆಯುವುದು. ಆರ್ಜಿನಿನ್ ತುಂಬಿದ ಈ ತೋಳು ವೈರಸ್‌ನ ಒಳಗೆ ಆರ್‌ಎನ್‌ಎಯನ್ನು ಹಿಡಿದಿರುತ್ತದೆ. ಹೊರಮೈಯನ್ನು ಗುರುತಿಸುವ ಆಂಟಿಬಾಡಿಗೆ ಅದು ಬೇಕಿಲ್ಲ. ನಿಮ್ಮ ಟ್ಯೂಬಿನಲ್ಲಿ ಅದು ಟಿಆರ್‌ಎನ್‌ಎ, ರೈಬೋಸೋಮ್, ತನ್ನದೇ ಎಂಆರ್‌ಎನ್‌ಎ ಎಲ್ಲವನ್ನೂ ತಬ್ಬಿ ಗಸಿಯಾಗಿ ಕೂರುವ ಅಪಾಯವಿದೆ. ಮೊದಲ ಹತ್ತು ಅಮಿನೋ ಆಮ್ಲ ಇಟ್ಟುಕೊಳ್ಳಿ, 11ರಿಂದ 22ರ ತನಕ ಬಿಡಿ. 36 ಅಕ್ಷರ ಕಡಿಮೆಯಾಗುತ್ತದೆ, ಚೌಕಟ್ಟು ಕೆಡುವುದಿಲ್ಲ.

ಈಗ ನಿಮ್ಮ ಇನ್ನೊಂದು ನಿರ್ಧಾರ: ತಯಾರಾದ ಎಂಆರ್‌ಎನ್‌ಎ ಹಾಕುವುದು. ಸಾಮಾನ್ಯ ಎಸ್30 ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಆರ್‌ಎನ್‌ಎ ಕಡಿಯುವ ಕಿಣ್ವಗಳು ಜೀವಂತ ಇರುತ್ತವೆ, ಹಾಕಿದ ಎಂಆರ್‌ಎನ್‌ಎ ಬಾಳುವುದು ನಿಮಿಷಗಳ ಲೆಕ್ಕದಲ್ಲಿ. 4 ಗಂಟೆ ಇಟ್ಟರೂ ಮೊದಲ ಅರ್ಧ ಗಂಟೆಯ ಕೆಲಸವಷ್ಟೇ ದಕ್ಕುತ್ತದೆ. ಡಿಎನ್‌ಎ ಹಾಕಿ, ಟಿ7 ಪಾಲಿಮರೇಸ್ ಅಲ್ಲೇ ಹೊಸದನ್ನು ಬರೆಯುತ್ತಿದ್ದರೆ ನಷ್ಟ ತುಂಬುತ್ತಾ ಹೋಗುತ್ತದೆ. ಬಿಡಿ ಬಿಡಿ ಶುದ್ಧ ಘಟಕಗಳಿಂದ ಕೂಡಿಸಿದ ಪ್ಯೂರ್ ವ್ಯವಸ್ಥೆಯಾದರೆ ಮಾತು ಬೇರೆ; ಅಲ್ಲಿ ಆ ಕಿಣ್ವಗಳು ಬಹುಪಾಲು ಇಲ್ಲ, ತಯಾರಾದ ಎಂಆರ್‌ಎನ್‌ಎ ಬಾಳುತ್ತದೆ. ಅಲ್ಲಿಗೆ 0.5 ಮೈಕ್ರೋಮೋಲಾರ್‌ನಿಂದ ಶುರುಮಾಡಿ ಅರ್ಧ ಮತ್ತು ಎರಡರಷ್ಟು ನೋಡಿ. 900 ಅಕ್ಷರದ ಆರ್‌ಎನ್‌ಎ ಸುಮಾರು 3 ಲಕ್ಷ ಡಾಲ್ಟನ್, ಅಂದರೆ 25 ಮೈಕ್ರೋಲೀಟರ್‌ಗೆ ಸುಮಾರು 3.75 ಮೈಕ್ರೋಗ್ರಾಂ.

ಡಿಎನ್‌ಎಯಾದರೆ 10 ನ್ಯಾನೋಮೋಲಾರ್. 3500 ಜೋಡಿಯ ಪ್ಲಾಸ್ಮಿಡ್‌ಗೆ ಅದೇ 25 ಮೈಕ್ರೋಲೀಟರ್‌ನಲ್ಲಿ ಸುಮಾರು 0.57 ಮೈಕ್ರೋಗ್ರಾಂ. ಜಾಸ್ತಿ ಹಾಕಿದರೆ ಎನ್‌ಟಿಪಿ (ಆರ್‌ಎನ್‌ಎಯ ಕಚ್ಚಾ ಅಕ್ಷರಗಳು) ಎಲ್ಲಾ ಆರ್‌ಎನ್‌ಎ ಬರೆಯಲು ಖರ್ಚಾಗಿ ಪ್ರೋಟೀನ್‌ಗೆ ಶಕ್ತಿ ಉಳಿಯುವುದಿಲ್ಲ. ಪಿಸಿಆರ್ ತುಂಡನ್ನೇ ನೇರ ಹಾಕುವುದಾದರೆ ಎಕ್ಸ್‌ಟ್ರ್ಯಾಕ್ಟ್‌ನ ರೆಕ್‌ಬಿಸಿಡಿ ಕಿಣ್ವ ಅದನ್ನು ತುದಿಯಿಂದ ತಿನ್ನುತ್ತದೆ, ಅದನ್ನು ತಡೆಯುವ ಗ್ಯಾಮ್‌ಎಸ್ ಪ್ರೋಟೀನ್ ಸೇರಿಸದೆ ಹಾಕಬೇಡಿ.

ಶಿರಸಿ_ಮೆಣಸಿನಬಳ್ಳಿ

ಎಣಿಸಿದೆ. 13ರಿಂದ 16ರವರೆಗೆ ನಾಲ್ಕು ಆರ್ಜಿನಿನ್‌ಗೆ ಎಜಿಜಿ, ಎಜಿಜಿ, ಎಜಿಎ, ಎಜಿಜಿ ಇದೆ. ಇಷ್ಟೂ ಬದಲಿಸಿ ಹೊಸ ಜೀನ್ ತರಿಸಲು ಹಣವಾಗುತ್ತದೆ. ತರಿಸುವ ಮೊದಲು, ತೊಂದರೆ ವಿನ್ಯಾಸದ್ದೇ, ಕೊಳೆಯದ್ದಲ್ಲ ಎಂದು ಖಚಿತ ಮಾಡಿಕೊಳ್ಳಲು ಏನು ಮಾಡಬಹುದು? ಗೋಧಿ ಮೊಳಕೆಯ (ಕಾಳಿನೊಳಗಿನ ಭ್ರೂಣದ) ಎಕ್ಸ್‌ಟ್ರ್ಯಾಕ್ಟ್ ಆದರೆ ಈಗಿರುವ ಜೀನೇ ನಡೆದೀತೇ?

ಅಘನಾಶಿನಿ_ದಂಡೆ (ಕುಮಟಾ)

ಮೂರು ಟ್ಯೂಬ್ ಸಾಕು. ಒಂದರಲ್ಲಿ ಹಸಿರು ಪ್ರೋಟೀನ್‌ನ ಕಂಟ್ರೋಲ್ ಮಾತ್ರ. ಎರಡನೆಯದರಲ್ಲಿ ಕಂಟ್ರೋಲ್ ಮತ್ತು ನಿಮ್ಮ ಆರ್‌ಎನ್‌ಎ. ಮೂರನೆಯದರಲ್ಲಿ ಕಂಟ್ರೋಲ್ ಮತ್ತು ನಿಮ್ಮ ಆರ್‌ಎನ್‌ಎ ಕರಗಿಸಿದ ಅದೇ ನೀರು ಅಥವಾ ಬಫರ್, ಅಷ್ಟೇ ಪ್ರಮಾಣ. ಎರಡನೆಯದು ಒಂದನೆಯದರ ಹಾಗೇ ಹೊಳೆದರೆ ತಪ್ಪು ವಿನ್ಯಾಸದ್ದು. ಎರಡನೆಯದು ಆರಿ ಮೂರನೆಯದು ಹೊಳೆದರೆ ನಿಮ್ಮ ಆರ್‌ಎನ್‌ಎ ಜೊತೆ ಏನೋ ಬಂದಿದೆ: ತೊಳೆಯದೆ ಉಳಿದ ಲಿಥಿಯಂ ಉಪ್ಪು, ಎಥನಾಲ್, ಅಥವಾ ಆರ್‌ಎನ್‌ಏಸ್. ಎರಡೂ ಆರಿದರೆ ಬಫರ್‌ನಲ್ಲಿ ಇಡಿಟಿಎ ಇದೆಯೇ ನೋಡಿ; ಅದು ಮೆಗ್ನೀಸಿಯಂ ಕಟ್ಟಿಹಾಕುತ್ತದೆ.

ಮುಂದೆ ಪ್ಲಾಸ್ಮಿಡ್ ಹಾಕುವಾಗ ಎಲ್ಲರೂ ಎಡವುವ ಜಾಗ ಮಿನಿಪ್ರೆಪ್ ಕಿಟ್ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ತೆಗೆಯುವ ಕಿಟ್). ಅದರ ಮೊದಲ ಬಫರ್‌ನಲ್ಲೇ ಆರ್‌ಎನ್‌ಏಸ್-ಎ ಇರುತ್ತದೆ, ಕಾಲಮ್ ದಾಟಿ ಚೂರು ಡಿಎನ್‌ಎ ಜೊತೆಗೇ ಬರುತ್ತದೆ. ಅಷ್ಟು ಸಾಕು ಎಲ್ಲ ಎಂಆರ್‌ಎನ್‌ಎ ಮುಗಿಸಲು. ಫೀನಾಲ್-ಕ್ಲೋರೋಫಾರಂ ಮಾಡಿ ಎಥನಾಲ್‌ನಲ್ಲಿ ಇಳಿಸಿ, 70 ಶೇಕಡಾ ಎಥನಾಲ್‌ನಲ್ಲಿ ತೊಳೆದು, ನೀರಿನಲ್ಲಿ ಕರಗಿಸಿ. ಇಲಿಯ ಆರ್‌ಎನ್‌ಏಸ್ ತಡೆಕಾರಕ ಆರ್‌ಎನ್‌ಏಸ್-ಎಯನ್ನು ತಡೆಯುತ್ತದೆ, ಆದರೆ ಇ. ಕೋಲೈಯ ಸ್ವಂತ ಆರ್‌ಎನ್‌ಏಸ್-ಇಯನ್ನು ಅಲ್ಲ. ಅದಕ್ಕೆ ಪರಿಹಾರ ಆರ್‌ಎನ್‌ಏಸ್-ಇ ಅರ್ಧ ಕತ್ತರಿಸಿದ ತಳಿಯಿಂದ ಎಕ್ಸ್‌ಟ್ರ್ಯಾಕ್ಟ್ ಮಾಡುವುದು.

ಜೆಲ್ ಓಡಿಸುವ ಮೊದಲು ಅಸಿಟೋನ್‌ನಲ್ಲಿ ಪ್ರೋಟೀನ್ ಇಳಿಸಿಕೊಳ್ಳಿ. ರಿಯಾಕ್ಷನ್‌ನ ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ನೇರ ಹೋದರೆ ಲೇನ್ ಉದ್ದಕ್ಕೂ ಸವರಿದ ಹಾಗೆ ಬರುತ್ತದೆ. 24 ಕಿಲೋಡಾಲ್ಟನ್ ಸುತ್ತ ಎಕ್ಸ್‌ಟ್ರ್ಯಾಕ್ಟ್‌ನದೇ ಬ್ಯಾಂಡ್ ಸಾಕಷ್ಟಿರುವುದರಿಂದ 'ಇಲ್ಲವೇ ಇಲ್ಲ' ಎನ್ನಲು ಬರೀ ನೀಲಿ ಬಣ್ಣ ಸಾಲದು. ಪ್ರೋಟೀನಿನ ಕೊನೆಗೆ ಹಿಸ್ ಟ್ಯಾಗ್ (ಸಾಲು ಹಿಸ್ಟಿಡಿನ್) ಹಾಕಿ ವೆಸ್ಟರ್ನ್ (ಆಂಟಿಬಾಡಿಯಿಂದ ಬ್ಯಾಂಡ್ ಗುರುತಿಸುವ ಪರೀಕ್ಷೆ) ಮಾಡಿ. ಟ್ಯಾಗ್ ಶುರುವಿನಲ್ಲಿ ಬೇಡ, ಕೊನೆಯಲ್ಲೇ ಇರಲಿ: ಶುರುವಿನ ಸಡಿಲ ಮಡಿಕೆಯೂ ಉಳಿಯುತ್ತದೆ, ನಿಕೆಲ್ ಕಾಲಮ್‌ನಲ್ಲಿ ಪೂರ್ತಿ ಉದ್ದದ ಪ್ರೋಟೀನ್ ಮಾತ್ರ ಹಿಡಿಯುತ್ತದೆ.

ಗೋಧಿಮೊಳಕೆ (ಊರು ಅಂಕೋಲಾ, ಈಗ ಬೆಂಗಳೂರು)

ಗೋಧಿಯ ಪ್ರಶ್ನೆಗೆ. ನಡೆಯುತ್ತದೆ, ಸಸ್ಯ ವೈರಸ್‌ಗೆ ಅದು ಹಳೆಯ ಮನೆಯೇ. 1973ರಲ್ಲೇ ತಂಬಾಕು ಮೊಸಾಯಿಕ್ ವೈರಸ್‌ನ ಆರ್‌ಎನ್‌ಎಯನ್ನು ಗೋಧಿ ಮೊಳಕೆಯ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಓದಿಸಿದ್ದರು. ನಿಮ್ಮ ಎಜಿಜಿ, ಎಜಿಎ ಅಲ್ಲಿ ದೊಡ್ಡ ತೊಡಕಲ್ಲ. ಕ್ಯಾಪ್ ಹಾಕುವ ಬದಲು ಅದೇ ತಂಬಾಕು ವೈರಸ್‌ನ ಒಮೆಗಾ ಮುಂಭಾಗ ಇಡಿ, 68 ಅಕ್ಷರ, ಸಿಎಎ ಸಿಎಎ ಎಂದು ಮತ್ತೆ ಮತ್ತೆ ಬಂದು ಮಡಿಕೆಯೇ ಆಗದ ಜಾಗ. ಕ್ಯಾಪ್ ಬೇಡವಾದರೆ ಜಿಟಿಪಿಯೊಂದಿಗೆ ಅದು ಸ್ಪರ್ಧಿಸುವ ರಗಳೆಯೂ ತಪ್ಪಿತು, ಆರ್‌ಎನ್‌ಎ ಇಳುವರಿಯೂ ಹೆಚ್ಚಿತು. 3-ಪ್ರೈಮ್ ಕಡೆ ಪಾಲಿ-ಎ ಬದಲು ಉದ್ದವಾದ ಓದದ ಬಾಲ, ಸಾವಿರಕ್ಕೂ ಹೆಚ್ಚು ಅಕ್ಷರದ್ದು, ಇಟ್ಟರೂ ಆರ್‌ಎನ್‌ಎ ಬಾಳುತ್ತದೆ.

ಆದರೆ ಮೆಗ್ನೀಸಿಯಂ ಲೆಕ್ಕ ಬೇರೆ. ಇ. ಕೋಲೈ 8ರಿಂದ 14 ಮಿಲಿಮೋಲಾರ್ ಕೇಳುವಲ್ಲಿ ಗೋಧಿ 2ರಿಂದ 3ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಉಷ್ಣತೆಯೂ 15ರಿಂದ 26 ಡಿಗ್ರಿ, ಕೆಲಸ ನಿಧಾನ, ಇಡೀ ರಾತ್ರಿ ಬೇಕು. ಎಪ್ರಿಲ್ ತಿಂಗಳಲ್ಲಿ ಕಾರವಾರ, ಕುಮಟಾ ಕಡೆಯ 'ಕೋಣೆಯ ಉಷ್ಣತೆ' ಎಂದರೆ ಅದು ಆಗದು. ತಂಪು ಮಾಡುವ ಇನ್‌ಕ್ಯುಬೇಟರ್ ಬೇಕೇ ಬೇಕು.

ಸ್ವಂತ ಎಕ್ಸ್‌ಟ್ರ್ಯಾಕ್ಟ್ ಮಾಡಲು ಹೋದರೆ ಅಂಗಡಿಯ ಗೋಧಿ ಜರ್ಮ್ ಬೇಡ. ಕೆಡದಿರಲೆಂದು ಅದನ್ನು ಬಿಸಿ ಮಾಡಿರುತ್ತಾರೆ, ರೈಬೋಸೋಮ್ ಸತ್ತಿರುತ್ತದೆ. ಹಸಿ ಗೋಧಿಯಿಂದ ಭ್ರೂಣ ಬೇರೆ ಮಾಡಿ, ಅಂಟಿದ ಬಿಳಿ ಹಿಟ್ಟು ಒಂದಿಷ್ಟೂ ಉಳಿಯದಂತೆ ತೊಳೆಯಬೇಕು. ಆ ಹಿಟ್ಟಿನ ಭಾಗದಲ್ಲಿ ಟ್ರಿಟಿನ್ ಎಂಬ ಕಿಣ್ವವಿದೆ, ರೈಬೋಸೋಮ್‌ನ ಆರ್‌ಎನ್‌ಎಯಿಂದ ಒಂದೇ ಒಂದು ಎ ಕಿತ್ತು ಇಡೀ ಯಂತ್ರ ನಿಲ್ಲಿಸುತ್ತದೆ. ಆ ತೊಳೆಯುವ ಕೆಲಸ ಮಾಡುವಷ್ಟು ಕೈ ಇಲ್ಲದಿದ್ದರೆ ಇ. ಕೋಲೈಯಲ್ಲೇ ಇರಿ ಎನ್ನುವುದು ನನ್ನ ಮಾತು. 24 ಕಿಲೋಡಾಲ್ಟನ್‌ನ ಸರಳ ಪ್ರೋಟೀನ್‌ಗೆ ಇಷ್ಟು ಗೋಧಿ ಬೇಡ.

ಕಾಳಿ_ಸೇತುವೆ (ಕಾರವಾರ)

ಹಾಗಾದರೆ ಜೀನ್ ಆರ್ಡರ್ ಮಾಡುವಾಗ ಕೊಡಬೇಕಾದ್ದು ಇಷ್ಟು. ಟಿ7 ಪ್ರೊಮೋಟರ್, 10ನೇ ಜೀನಿನ ಮುಂಭಾಗ ಇಡಿಯಾಗಿ, ಎಯುಜಿ. ಮೊದಲ ಹತ್ತು ಕೋಡಾನ್ ಹೀಗೆ ಬರೆಯಬಹುದು: ಎಯುಜಿ ಜಿಎಯು ಎಎಎ ಯುಸಿಯು ಜಿಎಎ ಯುಸಿಯು ಎಸಿಯು ಯುಸಿಯು ಜಿಸಿಯು ಜಿಜಿಯು. 30 ಅಕ್ಷರದಲ್ಲಿ ಜಿ ಮತ್ತು ಸಿ ಒಟ್ಟು 11 ಮಾತ್ರ. ಆರ್ಡರ್ ಡಿಎನ್‌ಎಯದ್ದಾದ್ದರಿಂದ ಯು ಇದ್ದಲ್ಲೆಲ್ಲ ಟಿ. ಮುಂಭಾಗದ ಜೊತೆ ಮಡಚಿ ನೋಡುವಾಗ ಮೂರನೆಯ ಕೋಡಾನಿನ ಕೊನೆಯಿಂದ ನಾಲ್ಕನೆಯದಕ್ಕೆ ದಾಟಿ ಬರುವ ಎ-ಯು-ಸಿ-ಯು ತುಂಡು ಶೈನ್-ಡಾಲ್ಗಾರ್ನೊ ಪಕ್ಕದ ಎ-ಜಿ-ಎ-ಯು ಮೇಲೆ ಕೂರುತ್ತದೆಯೇ ಎಂದು ಗಮನಿಸಿ. ನಾಲ್ಕೇ ಜೋಡಿ, ಗಟ್ಟಿಯೇನಲ್ಲ. ಆದರೂ ಮೊದಲ ಸೆರಿನ್‌ಗೆ ಎಜಿಸಿ ಹಾಕಿದ ಇನ್ನೊಂದು ಬಗೆಯನ್ನೂ ಜೊತೆಗೇ ತರಿಸಿದರೆ ಹೋಲಿಸಲು ಅನುಕೂಲ. ಆಮೇಲೆ 23ನೇ ಅಮಿನೋ ಆಮ್ಲದಿಂದ ಕೊನೆಯ ತನಕ, ಹಿಸ್ ಟ್ಯಾಗ್‌ಗೆ ಸಿಎಯು ಮತ್ತು ಸಿಎಸಿ ಒಂದು ಬಿಟ್ಟು ಒಂದು. ಕೊನೆಗೆ ನಿಲ್ಲಿಸುವ ಕೋಡಾನ್ ಯುಎಎ, ಅದಾದ ಕೂಡಲೇ ಒಂದು ಯು. ಯುಎಎಯನ್ನು ಎರಡೂ ಬಿಡುಗಡೆ ಅಂಶಗಳು (ಮುಗಿದ ಪ್ರೋಟೀನನ್ನು ರೈಬೋಸೋಮ್‌ನಿಂದ ಬಿಡಿಸುವ ಪ್ರೋಟೀನ್‌ಗಳು) ಗುರುತಿಸುತ್ತವೆ. ಯುಎಜಿ, ಯುಜಿಎ ಒಂದೊಂದಕ್ಕೇ ಕಾಯಬೇಕು. ಮುಂದೆ ಟಿ7 ಟರ್ಮಿನೇಟರ್: ಅದರ ಹೇರ್‌ಪಿನ್ 3-ಪ್ರೈಮ್ ತುದಿಗೂ ಕಾವಲು.

ರಿಯಾಕ್ಷನ್‌ಗೆ ಎಟಿಪಿ 1.2 ಮಿಲಿಮೋಲಾರ್, ಉಳಿದ ಮೂರು 0.85, ಅಮಿನೋ ಆಮ್ಲ ತಲಾ 2, ಪಿಇಪಿ (ಶಕ್ತಿ ಒದಗಿಸುವ ಫಾಸ್ಫೋಇನಾಲ್‌ಪೈರುವೇಟ್) 33, ಪೊಟ್ಯಾಸಿಯಂ ಗ್ಲುಟಮೇಟ್ 130. ಮೆಗ್ನೀಸಿಯಂ ಗ್ಲುಟಮೇಟ್ 8, 10, 12, 14 ಎಂದು ನಾಲ್ಕು ಟ್ಯೂಬ್ ಇಡಿ. ಎಕ್ಸ್‌ಟ್ರ್ಯಾಕ್ಟ್‌ನ ಪ್ರತಿ ಹೊಸ ಬ್ಯಾಚಿಗೂ ಇದನ್ನು ಮತ್ತೆ ಮಾಡಬೇಕು, ಹಿಂದಿನದರ ಅಂಕಿ ನಂಬಬೇಡಿ. 37ರ ಬದಲು 30 ಡಿಗ್ರಿ, 4ರಿಂದ 6 ಗಂಟೆ. 15 ಮೈಕ್ರೋಲೀಟರ್ ಮಾತ್ರ ಹಾಕಿ, ಟ್ಯೂಬಿನ ತಳದಲ್ಲಿ ತೆಳುವಾಗಿ ಹರಡಲಿ. ಅದನ್ನೇ ಚಿಕ್ಕ ಟ್ಯೂಬಿನಲ್ಲಿ 200 ಮಾಡಿದರೆ ಒಳಗೆ ಆಮ್ಲಜನಕ ಇಳಿಯದೆ ಇಳುವರಿ ಬೀಳುತ್ತದೆ; ಜಾಸ್ತಿ ಬೇಕಾದರೆ ಅಗಲ ತಳದ ಪ್ಲೇಟಿಗೆ ಹೋಗಿ.

ಮಳೆಗಾಲ_ಯಲ್ಲಾಪುರ

ಇದಕ್ಕೆ ಒಂದೇ ಮಾತು ಸೇರಿಸುವುದು. ಎಕ್ಸ್‌ಟ್ರ್ಯಾಕ್ಟ್ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಡ್ರೈ ಐಸ್‌ನಲ್ಲಿ ಬರುವಾಗ ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಪೆಟ್ಟಿಗೆಯೊಳಗೆ ಒಂದು ಟ್ಯೂಬಿನಲ್ಲಿ ಬಣ್ಣದ ನೀರು ಹೆಪ್ಪುಗಟ್ಟಿಸಿ, ತಲೆಕೆಳಗಾಗಿ ಇಡಲು ಹೇಳಿ. ಬಿಚ್ಚಿದಾಗ ಬಣ್ಣ ಮೇಲಿನ ತಳದಲ್ಲೇ ಗಟ್ಟಿಯಾಗಿ ನಿಂತಿರಬೇಕು. ಮುಚ್ಚಳದ ಕಡೆ ಇಳಿದು ಕೂತಿದ್ದರೆ ದಾರಿಯಲ್ಲಿ ಕರಗಿತ್ತು ಎಂದೇ ಅರ್ಥ, ಆ ಬ್ಯಾಚಿನಲ್ಲಿ ಕಂಟ್ರೋಲ್ ನೋಡದೆ ನಿಮ್ಮ ಜೀನ್ ಹಾಕಬೇಡಿ. ಬಂದ ಕೂಡಲೇ ಒಂದು ಸಲಕ್ಕಾಗುವಷ್ಟೇ ಇರುವ ಟ್ಯೂಬ್‌ಗಳಾಗಿ ಮೈನಸ್ 80ಕ್ಕೆ ಸೇರಿಸಿ, ಮತ್ತು ಜೂನ್‌ನಲ್ಲಿ ಕರೆಂಟು ಹೋದ ದಿನ ಆ ಬಾಗಿಲು ತೆಗೆಯಬೇಡಿ. ಪಿಇಪಿ, ಡಿಟಿಟಿ ಪುಡಿಗಳನ್ನು ಫ್ರೀಜರಿನಿಂದ ತೆಗೆದ ಮೇಲೆ ಬಾಟಲಿ ಹೊರಗಿನ ಶಾಖಕ್ಕೆ ಬರುವ ತನಕ ಮುಚ್ಚಳ ಬಿಚ್ಚಬೇಡಿ. ನಮ್ಮ ಮಳೆಗಾಲದ ಗಾಳಿಗೆ ಒಂದೇ ಸಲ ತೆರೆದರೂ ಪುಡಿ ನೀರು ಹೀರಿ ತೂಕ ತಪ್ಪುತ್ತದೆ, ಆಮೇಲೆ ನೀವು 33 ಎಂದು ಬರೆದುಕೊಂಡದ್ದು 33 ಆಗಿರುವುದಿಲ್ಲ.